ಸರೋಜಳ ಕೆಂಪು ಕಾರೂ ನಮ್ಮ ಮನೆಯ ಫ್ಯಾನೂ

ಸುಸ್ತು ಎನ್ನುವುದು ಕೆಲಸ ಮಾಡಿದವರಿಗೆ ಮಾತ್ರ ಆಗುತ್ತದೆಂದು ನಂಬಿದವರಿಗೆ ಇನ್ನೂ ಮದುವೆಯಾಗಿಲ್ಲವೆಂದೇ ನನ್ನ ಭಾವನೆ. ಕೆಲಸ ಮಾಡುವವರ ಪಕ್ಕದಲ್ಲಿ ಸುಮ್ಮನೆ ಕೂತರೂ ಸುಸ್ತಾಗುತ್ತದೆ. ಅದಕ್ಕೆ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ. ಗೋಪಾಳ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂದ ವರ್ಷ ನನಗಾದದ್ದು ಈ ಎರಡನೇ ಜಾತಿಯ ಸುಸ್ತು.

ಕಂಪ್ಯೂಟರ್ ತಂದವನು ನಾನೇ. ಕಚೇರಿಯ ಟೈಪ್‌ರೈಟರುಗಳನ್ನೆಲ್ಲ ಮೂಲೆಗೆ ಹಾಕುತ್ತಾರೆಂಬ ಸುದ್ದಿ ಹಬ್ಬಿತ್ತು. ಅವುಗಳ ಜೊತೆ ನನ್ನನ್ನೂ ಹಾಕಿಯಾರೆಂಬ ಭಯಕ್ಕೆ, ಕಲಿಯೋಣವೆಂದು ತಂದೆ. ನಾನು ಮೌಸ್ ಹಿಡಿದು ಪರದೆಯ ಮೇಲಿನ ಬಾಣವನ್ನು ಹುಡುಕುತ್ತಿರುವಾಗಲೇ ನನ್ನ ಹೆಂಡತಿ ಸರೋಜ ಅದನ್ನು ವಶಪಡಿಸಿಕೊಂಡಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಭದ್ರಾವತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅವಳ ತಮ್ಮ ಮಂಜುನಾಥ ಒಂದು ಕಾರ್ ರೇಸಿನ ಸಿ.ಡಿ. ತಂದುಕೊಟ್ಟ. ಅಂದು ಕೆಂಪು ಕಾರು ಹತ್ತಿದ ಸರೋಜ ಇಳಿಯಲೇ ಇಲ್ಲ.

ಅಕ್ಕ ತಮ್ಮ ಇಬ್ಬರೂ ತಂತಮ್ಮ ಮನೆಯಲ್ಲಿ ಆಡಿ, ಎಷ್ಟು ಬೇಗ ಮುಗಿಸಿದೆವೆಂದು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು. ಗೆಲ್ಲುತ್ತಿದ್ದವನು ಯಾವಾಗಲೂ ಮಂಜುನಾಥನೇ. ನಮ್ಮ ಕಂಪ್ಯೂಟರಿನಲ್ಲಿ ತಿರುವು ಬಂದಾಗಲೆಲ್ಲ ಚಿತ್ರ ತಡವರಿಸಿ ನಿಲ್ಲುತ್ತಿತ್ತು; ಅದು ಮತ್ತೆ ಕದಲುವಷ್ಟರಲ್ಲಿ ಸರೋಜಳ ಕಾರು ಗೋಡೆಯಲ್ಲಿರುತ್ತಿತ್ತು. ಕೊನೆಗೊಂದು ದಿನ ಮಂಜುನಾಥ ಗುಟ್ಟು ಬಿಟ್ಟುಕೊಟ್ಟ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿಗೆ ಕಂಪನಿಯವರು ಇಷ್ಟೇ ಎಂದು ಒಂದು ವೇಗ ಗೊತ್ತುಮಾಡಿರುತ್ತಾರಂತೆ. ಅದನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರಂತೆ. ಅವನು ಒಂದೇ ಏಟಿಗೆ ತುದಿಯವರೆಗೂ ಏರಿಸಿಬಿಟ್ಟಿದ್ದನಂತೆ.

ಸರೋಜಳೂ ಅದಕ್ಕೇ ಹೊರಟಳು. ಸುಟ್ಟು ಹೋದರೇನು ಗತಿ, ಆಟವೇ ತಾನೇ, ಬಿಟ್ಟುಬಿಡು ಅಂದೆ. ಸರೋಜ ನನ್ನ ಕಡೆ ತಿರುಗಲಿಲ್ಲ.

"ಚಿಕ್ಕವರಿದ್ದಾಗ ಸೈಕಲ್ ಕೊಡಿಸಿದ್ದು ಅವನಿಗೆ ಕಣ್ರೀ. ಅವನು ಬೀಳಬಾರ್ದು ಅಂತ ಹಿಂದೆ ಹಿಡ್ಕೊಂಡು ಓಡ್ತಿದ್ದೋಳು ನಾನು."

ಸ್ಕ್ರೂಡ್ರೈವರ್ ತಂದುಕೊಟ್ಟೆ.

ಗಣಿತದ ಮೇಡಂ ಆದ್ದರಿಂದ ಅವಳದು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ದಾರಿ. ಮೊದಲು ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿ, ಕಾರ್ಡಿನ ಪುಟ್ಟ ಫ್ಯಾನಿಗೆ ಮೆತ್ತಿದ್ದ ಧೂಳನ್ನು ಬಣ್ಣದ ಬ್ರಷ್ಷಿನಿಂದ ಗುಡಿಸಿದಳು. ಆಮೇಲೆ ಚೂರೇ ಚೂರು ವೇಗ ಏರಿಸುವುದು, ಒಂದಷ್ಟು ಹೊತ್ತು ಆಡಿ ನೋಡುವುದು, ಸರಿಯಿದ್ದರೆ ಇನ್ನೊಂದು ಚೂರು. ಪರದೆಯ ಮೇಲೆ ಇಲ್ಲದ ಚುಕ್ಕೆಗಳು ಮೂಡಿದರೆ ಕಾರ್ಡಿಗೆ ತಡೆಯಲಾಗುತ್ತಿಲ್ಲವೆಂದು ಅರ್ಥ. ಆಗ ಹಿಂದಕ್ಕೆ ಬರಬೇಕು. ಚುಕ್ಕೆ ಕಾಯುವ ಕೆಲಸ ನನ್ನದು. ಒಮ್ಮೆ ನಾನು ಚುಕ್ಕೆ ಕಂಡಿತೆಂದು ಕೂಗಿದೆ. ಅವಳು ಎಲ್ಲ ನಿಲ್ಲಿಸಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ವಾಪಸ್ ಹಾಕಿದಳು. ಗಾಜಿಗೆ ಮಧ್ಯಾಹ್ನದ ಸಾರು ಸಿಡಿದಿತ್ತು.

ಕಾರ್ಡು ಬಿಸಿಯಾಗುತ್ತದೆಂದು ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಮುಂದಿಟ್ಟಳು. ಏಪ್ರಿಲ್ ಬಿಸಿಲಿನಲ್ಲಿ, ಭಾನುವಾರದ ಊಟವಾದ ಮೇಲೆ, ನಾನು ಚಾಪೆಯ ಮೇಲೆ ಪಂಚಾಂಗದಿಂದ ಗಾಳಿ ಬೀಸಿಕೊಳ್ಳುತ್ತಾ ಮಲಗಿರುತ್ತಿದ್ದೆ. ಕಾರ್ಡು ತಣ್ಣಗಿತ್ತು. ಕೆಲವು ವಾರಗಳಲ್ಲಿ ಕೆಂಪು ಕಾರು ತಿರುವುಗಳಲ್ಲಿ ಬೆಣ್ಣೆಯಂತೆ ಜಾರತೊಡಗಿತು. ಒಂದು ಸಲ ಚುಕ್ಕೆ ನಿಜವಾಗಿಯೂ ಮೂಡಿತು. ಸರೋಜ ಒಂದು ಮೆಟ್ಟಿಲು ಇಳಿದು ಅಲ್ಲಿಗೇ ನಿಲ್ಲಿಸಿದಳು. ಇನ್ನೂ ಏರಿಸುವ ಆಸೆಯಾಗಲಿಲ್ಲವೇ ಎಂದರೆ, ಓಡಿದರೆ ಸಾಕು, ಸಾಯಬಾರದು ಅಂದಳು.

ಗೆಲ್ಲುವುದಾದರೆ ಅವನ ಕಣ್ಣೆದುರಿಗೇ ಗೆಲ್ಲಬೇಕೆಂದು ಬಸ್ ಹತ್ತಿ ಭದ್ರಾವತಿಗೆ ಹೋದೆವು. ಮಂಜುನಾಥ ಬಾಗಿಲಲ್ಲೇ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ. ಹಿಂದಿನ ದಿನ ಪರದೆ ತುಂಬಾ ಬಣ್ಣದ ಪಟ್ಟೆಗಳು ಬಂದು, ಸುಟ್ಟ ವಾಸನೆ ಬಂದು, ಕಾರ್ಡು ಹೋಗಿತ್ತು. ಸರೋಜ ನಗುತ್ತಾಳೆಂದುಕೊಂಡೆ. ಅವಳು ತಮ್ಮನ ಬೆನ್ನು ಸವರಿ, "ಇರ್ಲಿ ಬಿಡೋ ಮಾರಾಯ. ಭಾನುವಾರ ನಮ್ಮನೆಗೇ ಬಾ, ಅಲ್ಲೇ ಆಡೋಣ" ಅಂದಳು. ಭಾನುವಾರ ಯಾರದೆಂದು ಯಾರೂ ನನ್ನನ್ನು ಕೇಳಲಿಲ್ಲ.

ಅವನು ಬಂದ. ಒಂದೇ ಕಂಪ್ಯೂಟರ್, ಒಂದೇ ಕಾರ್ಡು, ಒಬ್ಬರಾದ ಮೇಲೆ ಒಬ್ಬರು. ಸರೋಜ ಗೆದ್ದಳು. ಕೀಬೋರ್ಡ್ ಹೊಸದು, ಕೈ ಕೂರಲಿಲ್ಲ ಅಂದ. ಇನ್ನೊಮ್ಮೆ ಆಡಿಸಿ ಇನ್ನೊಮ್ಮೆ ಗೆದ್ದಳು. ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು. ಮಂಜುನಾಥನೂ ಅದನ್ನು ನೋಡಿದ. ಅಲ್ಲಿಂದ ಮುಂದೆ ಕೀಬೋರ್ಡಿನ ಸುದ್ದಿ ಎತ್ತಲಿಲ್ಲ.

ಆಮೇಲೆ ಅವನೇ, "ಭಾವ, ನೀವೂ ಒಂದ್ಸಲ ಕೂತ್ಕೊಳ್ಳಿ" ಎಂದು ನನ್ನನ್ನು ಕುರ್ಚಿಗೆ ಎಳೆದ. ಉಳಿದ ಕಾರುಗಳೆಲ್ಲ ಭರ್ರೆಂದು ಹೋದವು. ನಾನು ಎಚ್ಚರಿಕೆಯ ಮನುಷ್ಯ. ಮೊದಲು ಬ್ರೇಕ್ ಯಾವುದೆಂದು ತಿಳಿಸಿ ಅಂದೆ.

"ಬ್ರೇಕ್ ಹಾಕೋಕೆ ನೀವು ಮೊದ್ಲು ಹೊರಡ್ಬೇಕಲ್ರೀ" ಅಂದಳು ಸರೋಜ.

ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ನಕ್ಕರು. ನಾನು ಎದ್ದು ಅವಲಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚಲು ಹೋದೆ. ಆ ಕೆಲಸದಲ್ಲಿ ನನ್ನನ್ನು ಹಿಂದೆ ಹಾಕಲು ಆ ಮನೆಯಲ್ಲಿ ಯಾರೂ ಪ್ರಯತ್ನಿಸುತ್ತಿರಲಿಲ್ಲ.