ಮುಂದಿನ ಸ್ಟೇಜಿನ ಟಿಕೆಟ್

ದೂರ ಹೆಚ್ಚಿದರೆ ದರ ಹೆಚ್ಚು. ಈ ಒಂದು ವಾಕ್ಯದ ಮೇಲೆ ನಾನು ಬದುಕಿಡೀ ನಿಂತಿದ್ದೇನೆ. ನಿಜವಾಗಿಯೂ ನಿಂತಿದ್ದೇನೆ, ಬಸ್ ಕಂಡಕ್ಟರನಿಗೆ ಕೂರುವ ಯೋಗ ಎಲ್ಲಿಯದು? ಡಿಪೋ ಗೇಟಿನ ಮುಂದೆ ಅಡ್ಡ ಮಲಗಿ 'ದರ ಇಳಿಸಿ' ಎಂದು ಕೂಗಿ ಗಂಟಲು ಹರಿದುಕೊಂಡಿದ್ದೇನೆ, ಲಾಠಿಯ ರುಚಿಯನ್ನೂ ನೋಡಿದ್ದೇನೆ. (ಕಂಡಕ್ಟರಾಗಿ ಹಾಗೆ ಕೂಗಿದವನು ನಾನೊಬ್ಬನೇ. ಸಂಘದ ಉಳಿದವರು 'ಸಂಬಳ ಏರಿಸಿ' ಎಂದು ಕೂಗುತ್ತಿದ್ದರು.)

ಇಂಥವನು ವಿಮಾನದ ಟಿಕೆಟ್ ಕೊಳ್ಳುವ ಕಾಲ ಬಂತು. ನನ್ನ ಹೆಂಡತಿಯ ಅಕ್ಕನಿಗೆ ಹೃದಯದ ಆಪರೇಷನ್. "ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ" ಎಂದು ಫೋನಿನಲ್ಲಿ ಅತ್ತಿದ್ದಳು. ರೈಲು ಹಿಡಿದರೆ ಆಪರೇಷನ್ ಮುಗಿದ ಮೇಲೆ ತಲುಪುತ್ತೇವೆ.

ಟ್ರಾವೆಲ್ ಅಂಗಡಿಯವನು ಅಕ್ಕನ ಊರಿಗೆ ನೇರ ವಿಮಾನದ ದರ ಹೇಳಿದ. ನಾನು ಕುರ್ಚಿ ಹಿಡಿದುಕೊಂಡೆ. ಆಮೇಲೆ ಅವನ ಪರದೆಯ ಮೇಲೆ ಇನ್ನೊಂದು ದರ ಕಂಡಿತು. ಅಕ್ಕನ ಊರು ದಾಟಿ ಮುಂದಿರುವ ಬಂದರಿನ ಊರಿಗೆ ಅದರ ಅರ್ಧ! ವಿಮಾನ ಅದೇ. ಅಕ್ಕನ ಊರಿನಲ್ಲಿ ಇಳಿದು, ಇನ್ನೊಂದು ವಿಮಾನ ಹತ್ತಿ ಬಂದರಿಗೆ ಹೋಗಬೇಕು, ಅಷ್ಟೇ.

"ಅಲ್ಲಯ್ಯಾ, ಹತ್ತಿರಕ್ಕೆ ಜಾಸ್ತಿ, ದೂರಕ್ಕೆ ಕಮ್ಮಿ. ಇದ್ಯಾವ ನ್ಯಾಯ?"

"ದೂರ ನೋಡಿ ದರ ಹಾಕಲ್ಲ ಸರ್. ಬಂದರಿನ ಊರಿಗೆ ನಾಲ್ಕು ಕಂಪನಿ ಕಚ್ಚಾಡ್ತಿವೆ, ಅದಕ್ಕೆ ಕಮ್ಮಿ. ಇಲ್ಲಿಂದ ನೀವು ಹೋಗೋ ಊರಿಗೆ ಈ ಕಂಪನಿ ಒಂದೇ. ಅವಸರ ಇದ್ದೋರು ಕೊಟ್ಟೇ ಕೊಡ್ತಾರೆ."

ಅಂದರೆ ತಕ್ಕಡಿಯಲ್ಲಿಟ್ಟು ತೂಗುವುದು ದೂರವನ್ನಲ್ಲ, ನಮ್ಮ ಅವಸರವನ್ನು. ಅಕ್ಕನ ಎದೆ ಕೆಟ್ಟಷ್ಟೂ ಕಂಪನಿಯ ಹೊಟ್ಟೆ ತುಂಬುತ್ತದೆ.

ಆಗಲೇ ನನ್ನೊಳಗೆ ಮಹೋಪಾಯವೊಂದು ಉದಯಿಸಿತು. ಬಂದರಿನ ಟಿಕೆಟ್ ಕೊಂಡು ಅಕ್ಕನ ಊರಿನಲ್ಲೇ ಇಳಿದುಬಿಡುವುದು! ಮುಂದಿನ ಸ್ಟೇಜಿನ ಟಿಕೆಟ್ ಇಟ್ಟುಕೊಂಡು ಹಿಂದಿನ ಸ್ಟೇಜಿನಲ್ಲಿ ಇಳಿದವನನ್ನು ಯಾವ ಚೆಕಿಂಗ್ ಇನ್ಸ್‌ಪೆಕ್ಟರೂ ಹಿಡಿಯುವಂತಿಲ್ಲ. ಇದು ಕಂಡಕ್ಟರ್ ಕುಲದ ವೇದವಾಕ್ಯ.

"ನೇರದ್ದೇ ತಗೊಳ್ರೀ" ಎಂದಳು ಹೆಂಡತಿ. "ಹೊಸ ಹೊಲಿಗೆ ಮಷಿನ್ನಿಗೆ ಇಟ್ಟಿರೋ ದುಡ್ಡಿದೆ, ಕೊಡ್ತೀನಿ."

"ದುಡ್ಡಿನ ಪ್ರಶ್ನೆ ಅಲ್ಲ ಕಣೇ, ತತ್ವದ ಪ್ರಶ್ನೆ."

"ನಿಮ್ಮ ತತ್ವಕ್ಕೆ ಇಷ್ಟು ವರ್ಷ ಅನ್ನ ಹಾಕಿದ್ದು ಹಳೇ ಮಷಿನ್ನು."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. (ಕೋಣ ಯಾರು ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ.) ನಾನು ಬಂದರಿನ ಊರಿಗೇ ಎರಡು ಟಿಕೆಟ್ ಕೊಂಡೆ.

ಲಗೇಜು ಕೊಟ್ಟರೆ ಅದು ಬಂದರಿಗೇ ಹೋಗಿ ಬೀಳುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಆದ್ದರಿಂದ ಬಟ್ಟೆಯನ್ನೆಲ್ಲ ಮೈಮೇಲೆಯೇ ಹೇರಿಕೊಂಡೆವು. ನನಗೆ ಒಂದರ ಮೇಲೊಂದು ಮೂರು ಅಂಗಿ, ಅವಳಿಗೆ ಎರಡು ಸ್ವೆಟರ್. ಕಟ್ಟಿಟ್ಟ ಹಾಸಿಗೆಗಳಂತೆ ಉರುಳಿಕೊಂಡು ವಿಮಾನ ನಿಲ್ದಾಣ ಸೇರಿದೆವು.

ಕೌಂಟರಿನ ಹುಡುಗಿ ನಕ್ಕಳು. "ಸರ್, ನಿಮ್ಮ ವಿಮಾನ ಕೆಟ್ಟು ರದ್ದಾಗಿದೆ. ಆದ್ರೆ ಸಿಹಿ ಸುದ್ದಿ. ನಿಮ್ಮಿಬ್ಬರನ್ನೂ ಬೇರೆ ವಿಮಾನಕ್ಕೆ ಹಾಕಿದೀವಿ. ಎಲ್ಲೂ ಇಳಿದು ಹತ್ತೋ ತಾಪತ್ರಯ ಇಲ್ಲ, ಸೀದಾ ಬಂದರಿಗೆ. ಒಂದು ಪೈಸೆ ಜಾಸ್ತಿ ಬೇಡ."

ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸೀದಾ ಬೇಡಮ್ಮ. ನಂಗೆ ಇಳಿದು ಹತ್ತೋದೇ ಇಷ್ಟ."

"ಯಾಕ್ ಸರ್?"

"ಕೂತು ಕೂತು ಕಾಲು ಜೋಮು ಹಿಡಿಯುತ್ತೆ."

"ಮುಂದಿನ ಸಾಲಲ್ಲಿ ಸೀಟು ಕೊಡ್ತೀನಿ ಸರ್. ಆರಾಮಾಗಿ ಕಾಲು ಚಾಚಿ."

ಕಿತ್ತುಕೊಳ್ಳುವವರ ಎದುರು ಹೋರಾಡಿ ಗೊತ್ತು. ಕೊಡುತ್ತೇನೆಂದು ಹಿಂದೆ ಬೀಳುವವರ ಎದುರು ಏನೆಂದು ಘೋಷಣೆ ಕೂಗುವುದು?

ಹೆಂಡತಿ ಮೇಲಿನ ಸ್ವೆಟರ್ ಬಿಚ್ಚಿ ನನ್ನ ಹೆಗಲಿಗೆಸೆದು ಮುಂದೆ ಬಂದಳು. "ಇವರ ಕಾಲಿಗೇನೂ ಆಗಿಲ್ಲಮ್ಮ, ತಲೆಗಾಗಿದೆ. ನಾನು ನಡುವಿನ ಊರಿಗೆ ಹೋಗ್ಬೇಕು. ಅಕ್ಕಂಗೆ ನಾಳೆ ಬೆಳಗ್ಗೆ ಆಪರೇಷನ್."

ಹುಡುಗಿಯ ನಗು ಇಂಗಿತು. "ಅಯ್ಯೋ, ಆ ಊರಿನ ಟಿಕೆಟ್ ಇದ್ದೋರಿಗೆಲ್ಲ ಸಂಜೆ ವಿಮಾನದಲ್ಲಿ ಜಾಗ ಕೊಟ್ಟಾಯ್ತು ಮೇಡಂ. ನಿಮ್ಮದು ಬಂದರಿಂದು. ಇನ್ನು ಒಂದೇ ಸೀಟು ಉಳಿದಿದೆ. ಹೊಸ ಟಿಕೆಟ್ ತಗೋಬೇಕು."

ಆ ಸೀಟಿನ ದರ ಅಂಗಡಿಯವನು ನೇರ ವಿಮಾನಕ್ಕೆ ಹೇಳಿದ್ದರ ಎರಡರಷ್ಟಾಗಿತ್ತು. ಅವಸರವನ್ನು ಮತ್ತೆ ತೂಗಿದ್ದರು. ಹೆಂಡತಿ ನೋಟು ಎಣಿಸಿ ಕೊಟ್ಟಳು. ನನ್ನ ಕಣ್ಣೆದುರೇ ಹೊಲಿಗೆ ಮಷಿನ್ ಹಾರಿಹೋಯಿತು.

"ನಾನು?" ಎಂದೆ.

"ನೀವು ಬಂದರು ನೋಡ್ಕೊಂಡು ಬನ್ನಿ. ಅಲ್ಲಿಂದ ಬಸ್ಸಿರುತ್ತೆ, ಸ್ಟೇಜು ನಿಮಗೇ ಗೊತ್ತಲ್ಲ." ಒಳಗಿನ ಬಾಗಿಲ ಕಡೆ ಕೈ ತೋರಿಸಿ ತಣ್ಣಗೆ ಹೇಳಿದಳು: "ರೈಟ್, ರೈಟ್."

ಕೊಂಡ ಟಿಕೆಟ್ ಹಾಳು ಮಾಡುವ ಜಾಯಮಾನ ನನ್ನದಲ್ಲ. ಹತ್ತಿದೆ. ಕಾಲು ಚಾಚಿದೆ. ಸ್ವಲ್ಪ ಹೊತ್ತಿಗೆ ಪಕ್ಕದವನು ಕಿಟಕಿಯಲ್ಲಿ ಕೆಳಗೊಂದು ಊರು ತೋರಿಸಿ ಹೆಸರು ಹೇಳಿದ. ಅಕ್ಕನ ಊರು. ಬಸ್ ನಿಲ್ಲಿಸಲು ಕೂಗುವ 'ಹೋಲ್ಡಾನ್' ಎಂಬ ಮಾತು ನಾಲಗೆಯ ತುದಿಗೆ ಬಂತು. ಕೈ ತಾನಾಗಿ ಮೇಲೆ ಹೋಯಿತು. ಎಳೆಯಲು ಗಂಟೆಯ ಹಗ್ಗವಿರಲಿಲ್ಲ.

ಬಂದರಿನಿಂದ ರಾತ್ರಿಯಿಡೀ ಬಸ್ಸು. ದೂರಕ್ಕೆ ತಕ್ಕ ದರವನ್ನೇ ತೆಗೆದುಕೊಂಡರು. ಅಷ್ಟೊಂದು ನ್ಯಾಯವನ್ನು ನನ್ನ ಬೆನ್ನು ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ಮೂರು ಅಂಗಿಗಳೊಳಗೆ ಬೆವರಿ ನೆನೆದು ಆಸ್ಪತ್ರೆ ಸೇರಿದಾಗ ಆಪರೇಷನ್ ಮುಗಿದು ಅಕ್ಕ ಕಣ್ಣು ಬಿಟ್ಟಿದ್ದಳು. ತಂಗಿಯ ಕೈ ಅವಳ ಕೈಯಲ್ಲಿತ್ತು. ನನ್ನನ್ನು ನೋಡಿ ಕ್ಷೀಣ ದನಿಯಲ್ಲಿ ಕೇಳಿದಳು: "ಇವರೆಲ್ಲಿಗೆ ಹೋಗಿದ್ರೇ?"

ನನ್ನ ಹೆಂಡತಿ ತಿರುಗಿಯೂ ನೋಡಲಿಲ್ಲ.

"ದರ ಇಳಿಸೋಕೆ ಹೋಗಿದ್ರು ಅಕ್ಕ. ದರ ಇಳೀಲಿಲ್ಲ. ಇವರು ಇಳಿದುಹೋಗಿದಾರೆ, ನೋಡು."