ಇಟಲಿ ಪ್ಲೇಟಿನ ಅರ್ಥ

ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮುಕುಂದಯ್ಯನವರಿಗೆ ಸಂಗೀತದಿಂದ ತೊಂದರೆಯಾದದ್ದು ಅದೇ ಮೊದಲು. ಒಂದು ಬುಧವಾರ ಸಾಹೇಬರು ಅವರನ್ನು ಒಳಗೆ ಕರೆದು, ಹಸುಗೂಸನ್ನು ಎತ್ತಿಕೊಡುವಂತೆ ಒಂದು ಗ್ರಾಮಫೋನ್ ಪ್ಲೇಟನ್ನು ಎತ್ತಿಕೊಟ್ಟರು.

"ಇಟಲಿಯದು ಕಣ್ರೀ. ಹಡಗಿನಲ್ಲಿ ಕೆಲಸ ಮಾಡೋ ನನ್ನ ಭಾವಮೈದ ತಂದದ್ದು. ಜಾಜ್ ಅಂತಾರೆ. ಪಿಯಾನೋ, ಆಳೆತ್ತರದ ಪಿಟೀಲು, ಡ್ರಮ್ಮು, ಮೂರೇ ಜನ. ಅವರ ದೇಶದಲ್ಲೇ ಇವರ ಹೆಸರು ಯಾರಿಗೂ ಗೊತ್ತಿಲ್ಲವಂತೆ. ಕೇಳಿ, ನಾಳೆ ನಿಮ್ಮ ಅಭಿಪ್ರಾಯ ಹೇಳಿ."

ಯಾರಿಗೂ ಗೊತ್ತಿಲ್ಲದಿರುವುದೇ ದೊಡ್ಡ ಯೋಗ್ಯತೆ ಎಂಬಂತಿತ್ತು ಅವರ ಧಾಟಿ. ಬೇರೆ ಯಾರಾದರೂ ಕೊಟ್ಟಿದ್ದರೆ ಮುಕುಂದಯ್ಯನವರು ಅದನ್ನು ಮಜ್ಜಿಗೆ ಗಡಿಗೆಗೆ ಮುಚ್ಚುತ್ತಿದ್ದರೇನೋ. ಆದರೆ ಅವರ ಹೆಂಡತಿ ವಾಗ್ದೇವಿ ಸಾಗರದಲ್ಲಿ ಉಪಾಧ್ಯಾಯಿನಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಮರಳುವುದೇ ಅವರ ಸಂಸಾರ. ಸಾಗರಕ್ಕೆ ವರ್ಗ ಬೇಡಿ ಕೊಟ್ಟ ಅರ್ಜಿ ಇದೇ ಸಾಹೇಬರ ಶಿಫಾರಸಿಗೆ ಕಾದು ಕೂತಿತ್ತು. ಪ್ಲೇಟು ಅರ್ಥವಾಗದಿದ್ದರೆ ಅರ್ಜಿಯ ಗತಿಯೇನು?

ಸಾಹೇಬರ ಮನೆ ಬಿಟ್ಟರೆ ಪ್ಲೇಟು ಹಾಕುವ ಯಂತ್ರವಿದ್ದದ್ದು, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಬೆಳ್ಳಪ್ಪನ ಅಂಗಡಿಯಲ್ಲಿ. ಕಚೇರಿ ಮುಗಿಸಿ ಅಲ್ಲಿಗೆ ಓಡಿದರು.

"ಮೆಲ್ಲಗೆ ಹಾಕು ಮಾರಾಯ. ನಾನೊಬ್ನೇ ಕೇಳ್ಬೇಕು."

"ಮೆಲ್ಲಗೆ ಹೆಂಗ್ ಹಾಕ್ಲಿ ಸ್ವಾಮಿ? ಇದಕ್ಕಿರೋದು ಒಂದೇ ಬಾಯಿ," ಎಂದು ಬೆಳ್ಳಪ್ಪ ಮಾಡಿನ ಮೇಲಿದ್ದ ತಗಡಿನ ಹಾರ್ನ್ ತೋರಿಸಿದ. ಅದು ಬಸ್ ನಿಲ್ದಾಣಕ್ಕೆ ಮುಖ ಮಾಡಿತ್ತು.

ಮುಳ್ಳು ಕೂತಿತು. ಮರದ ಮೇಲಿನ ಕಾಗೆಗಳು ಎದ್ದುಹೋದವು. ಹಾರ್ನ್ ಹಾಡಿತೆಂದರೆ ಯಾರದೋ ಮನೆಯಲ್ಲಿ ಶುಭಕಾರ್ಯ ಎಂದೇ ಊರಿನ ನಂಬಿಕೆ. ಎದುರುಮನೆಯ ದುರ್ಗಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು.

"ಯಾರ್ದೋ ಮದ್ವೆ, ಬೆಳ್ಳಪ್ಪ?"

"ಮದ್ವೆನೋ ಎಂತದೋ, ಹಾಕ್ಸಿದ್ದು ಮುಕುಂದಯ್ನೋರು."

ದುರ್ಗಮ್ಮ ಮುಕುಂದಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಾಪ, ಸಾಗರದಲ್ಲಿರೋ ಆ ಹುಡ್ಗಿಗೆ ಗೊತ್ತಿದ್ಯಾ?"

ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅಂಗಡಿ ಮುಂದೆ ಸೇರಿದ್ದರು. ಎಲ್ಲರಿಗಿಂತ ಮುಂದೆ ಹೇರಂಬ ಭಟ್ಟರು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದರಲ್ಲಿ ಅವರದು ಎತ್ತಿದ ಕೈ. ಭಾಗವತರು ಒಂದು ಪದ ಹಾಡಿ ನಿಲ್ಲಿಸಿದರೆ, ಅದರ ಮೇಲೆ ಭಟ್ಟರ ಮಾತು ಚಹಾ ಆರಿದರೂ ಮುಗಿಯದು. ಹಾಡು ಕೇಳಿ ಸುಮ್ಮನಿರುವುದು ಅವರ ಮಟ್ಟಿಗೆ ಉಂಡು ಕೈ ತೊಳೆಯದಿದ್ದ ಹಾಗೆ.

ಅಷ್ಟರಲ್ಲಿ ಪ್ಲೇಟಿನಲ್ಲಿ ಪಿಯಾನೋ ತಟ್ಟನೆ ನಿಂತು, ದೊಡ್ಡ ಪಿಟೀಲು ಒಂಟಿಯಾಗಿ ನಡೆಯತೊಡಗಿತು. ಶನಿವಾರ ಸಾಗರದಲ್ಲಿ ಬಸ್ಸಿಳಿದು ಮನೆ ಕಡೆ ಹೆಜ್ಜೆ ಹಾಕಿದ ಹಾಗಿತ್ತು ಅದು. ಈ ಸಂಗೀತ ತಮಗೆ ಇಷ್ಟವಾಗುತ್ತಿದೆ ಎಂದು ಮುಕುಂದಯ್ಯನವರಿಗೇ ಆಶ್ಚರ್ಯವಾಯಿತು.

"ನಿಲ್ಸು ಬೆಳ್ಳಪ್ಪ," ಎಂದರು ಭಟ್ಟರು. ಮುಳ್ಳು ಎದ್ದಿತು.

"ಇದು ಸಂಧಾನದ ಪ್ರಸಂಗ. ಪಿಯಾನೋ ಅಂದ್ರೆ ದೂತ. ಈ ದಪ್ಪ ಸ್ವರ ಮುದಿ ಅರಸು. ಡ್ರಮ್ಮು ಅವನ ಹಠಮಾರಿ ಮಗ. ಈಗ ದೂತ ಎಂತ ಹೇಳ್ತ ಅಂದ್ರೆ..."

ಜನರನ್ನು ಕರೆಯಲು ಬಂದ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಹುಲಿಯಪ್ಪ ಹಠಮಾರಿ ಮಗನ ಪಕ್ಷ ವಹಿಸಿ ವಾದಕ್ಕೆ ನಿಂತ. ಬಸ್ಸು ಅಲ್ಲೇ ಹೊಗೆ ಬಿಡುತ್ತ ನಿಂತಿತು. ಪ್ಲೇಟನ್ನು ಮತ್ತೆ ಹಾಕಿದರೆ ಭಟ್ಟರು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು. ಬ್ಯಾಟರಿ ಇಳಿದು ಹಾರ್ನ್ ಗೊರಗುಟ್ಟುವವರೆಗೂ ಆ ಹೆಜ್ಜೆಗಳು ಮನೆ ಮುಟ್ಟಲಿಲ್ಲ.

ಮರುದಿನ ಸಾಹೇಬರು ಬಾಗಿಲು ಮುಂದಕ್ಕೆ ಹಾಕಿ ಕೇಳಿದರು. "ಹೇಗಿತ್ತು?"

ಹೆಂಡತಿಯ ಮನೆಗೆ ನಡೆದು ಹೋದಂತಿತ್ತು ಎನ್ನಲು ಮುಕುಂದಯ್ಯನವರಿಗೆ ನಾಚಿಕೆಯಾಯಿತು. ಭಟ್ಟರ ದೂತ, ಅರಸು, ಮಗ ಮೂವರನ್ನೂ ಸಾಲಾಗಿ ಒಪ್ಪಿಸಿದರು. ದೂತನ ಮಾತಿಗೆ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿದರು.

ಸಾಹೇಬರಿಗೆ ಕಣ್ಣು ತುಂಬಿ ಬಂತು. "ಅಲ್ಲರೀ, ತಂದಾಗಿನಿಂದ ನಾನು ಇದನ್ನ ಕೇಳ್ತಾನೇ ಇದ್ದೇನೆ. ಈವತ್ತಿಗೆ ತಿಳೀತು ನೋಡಿ."

ಡ್ರಾಯರಿನಿಂದ ಒಂದು ಕಾಗದ ತೆಗೆದರು. "ನಿಮ್ಮ ವರ್ಗಕ್ಕೆ ಮೊನ್ನೆಯೇ ಶಿಫಾರಸು ಬರೆದಿಟ್ಟಿದ್ದೆ. ಹೇಗೂ ಹೋಗೋ ಮನುಷ್ಯ, ಒಂದು ಪ್ಲೇಟು ಕೇಳಿ ಹೋಗಲಿ ಅಂತ ಕೊಟ್ಟದ್ದು. ಇಂಥವರನ್ನ ಸಾಗರಕ್ಕೆ ಬಿಟ್ಟುಕೊಟ್ಟು ನಾನು ಇಲ್ಲಿ ಯಾರ ಜೊತೆ ಕೂತು ಕೇಳಲಿ?" ಕಾಗದ ಹರಿದು ಬುಟ್ಟಿಗೆ ಬಿತ್ತು.

"ಸ್ವಾಮಿ, ಆ ಅರ್ಥ ನಂದಲ್ಲ. ಹೇರಂಬ ಭಟ್ರದು."

"ತಿಳಿದವರು ಹೀಗೇ ಹೇಳೋದು," ಎಂದರು ಸಾಹೇಬರು ಮೆಚ್ಚಿ. "ಭಾವಮೈದ ಇನ್ನೊಂದು ಪೆಟ್ಟಿಗೆ ಕಳಿಸ್ತಿದ್ದಾನೆ. ಪ್ರತಿ ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ನೇರ ನಮ್ಮ ಮನೆಗೆ ಬಂದುಬಿಡಿ. ಆ ದೊಡ್ಡ ಪಿಟೀಲು ಶುರುವಾದ ಕೂಡಲೇ ನಾನು ಮುಳ್ಳು ಎತ್ತುತ್ತೇನೆ. ನೀವು ಅರ್ಥ ಹೇಳಿ."