ಪ್ರೊಸೆಸರ್ ಜೊತೆ ಬಂದ ಕೂಲರು

ಲೆಕ್ಕ ಬರೆಯದೆ ನಾನು ಯಾವ ವಿಷಯದಲ್ಲೂ ತೀರ್ಮಾನಕ್ಕೆ ಬರುವುದಿಲ್ಲ. ಇದನ್ನು ಮನೆಯವರು ಕಾಯಿಲೆ ಎನ್ನುತ್ತಾರೆ, ನಾನು ಶಿಸ್ತು ಎನ್ನುತ್ತೇನೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಪಾಲಕೋಡಿನ ಬಸ್ಸು ಎಷ್ಟು ತಡವಾಯಿತು, ಎಲ್ಲವೂ ನನ್ನ ಡೈರಿಯಲ್ಲಿದೆ. ನನಗೆ ಇನ್ನೊಂದು ಹೆಮ್ಮೆಯೂ ಉಂಟು. ಕುರಿ ಸಾಕುವ ನಮ್ಮ ಮನೆಯಲ್ಲಿ ಕುರಿ ಮುಟ್ಟದೆ ಸಂಪಾದಿಸುವ ಮೊದಲನೆಯವಳು ನಾನೇ. ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಇವುಗಳ ವಿಡಿಯೊ ಎಡಿಟ್ ಮಾಡುತ್ತೇನೆ. ಕಂಪ್ಯೂಟರಿನ ಒಂದೊಂದು ಭಾಗವನ್ನೂ ತಂದು ಜೋಡಿಸಿದವಳೂ ನಾನೇ. ಉಣ್ಣೆ ಕತ್ತರಿಸುವ ದಿನ ಅಪ್ಪ ಅಂಗಳದಿಂದ, "ಬಾಮ್ಮಾ, ಈ ಟಗರಿನ ಕಾಲಾದ್ರೂ ಇಡ್ಕೊ" ಎಂದು ಕರೆದರೆ, "ನಂಗೆ ಸಿಸ್ಟಮ್ ಕೆಲಸ ಐತಪ್ಪ" ಎಂದು ಒಳಗಿನಿಂದಲೇ ಉತ್ತರ ಕೊಡುವುದು ನನ್ನ ರೂಢಿ.

ಆ ಸಿಸ್ಟಮ್ಮೇ ಕೈಕೊಟ್ಟಿತು. ಕಾರಿಮಂಗಲದ ಒಂದು ಮದುವೆಯ ವಿಡಿಯೊವನ್ನು ಭಾನುವಾರದ ಆರತಕ್ಷತೆಗೆ ಒಪ್ಪಿಸಬೇಕಿತ್ತು. ಕಂಪ್ಯೂಟರು ಅರಿಶಿನ ಶಾಸ್ತ್ರದವರೆಗೆ ಹೇಗೋ ದುಡಿದು, ಅಷ್ಟರಲ್ಲಿ ಕಾದು ಕೆಂಡವಾಗಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಅರಿಶಿನ. ಹುಡುಗಿಯ ತಾಯಿ ದಿನಾ ಫೋನ್ ಮಾಡಿ, "ಏನಮ್ಮಾ, ನಮ್ ಉಡುಗೀಗೆ ಇನ್ನೂ ತಾಳಿ ಆಗಿಲ್ವಾ" ಎಂದು ಕೇಳುತ್ತಿದ್ದರು. ಈ ವಿಡಿಯೊ ತಪ್ಪಿದರೆ ಆ ಕಡೆಯ ಮದುವೆಗಳೆಲ್ಲ ಬೇರೆಯವರ ಪಾಲು.

ತಪ್ಪು ಯಾರದೆಂದು ನನಗೆ ಅನುಮಾನವೇ ಇರಲಿಲ್ಲ. ಪ್ರೊಸೆಸರ್ ಡಬ್ಬಿಯಲ್ಲೇ ಅದನ್ನು ತಂಪಾಗಿಡಲು ಒಂದು ಕೂಲರ್ ಪುಕ್ಕಟೆಯಾಗಿ ಬಂದಿರುತ್ತದೆ. ಅಂಗೈಯಗಲದ್ದು, ಅಲ್ಯೂಮಿನಿಯಂ ರೆಕ್ಕೆಗಳು, ಮೇಲೊಂದು ಚಿಕ್ಕ ಫ್ಯಾನು, ಕೆಳಗೆ ನಾಲ್ಕು ಕಾಲು. ಪುಕ್ಕಟೆ ಬಂದದ್ದಕ್ಕೆ ಮರ್ಯಾದೆ ಎಲ್ಲಿ? ಸೇಲಂ ಅಂಗಡಿಯವರು ಫೋನಿನಲ್ಲಿ ಎರಡು ಫ್ಯಾನಿನ, ಗೋಪುರದಂಥ ಕೂಲರನ್ನು ಬಣ್ಣಿಸಿದರು. ಆದರೂ ಶಿಸ್ತು ಬಿಡದೆ ನಾನು ಎರಡು ವಾರ ಪಟ್ಟಿ ಬರೆದೆ. ಪ್ರೊಸೆಸರಿನ ಬಿಸಿ, ಹೊತ್ತು, ಬಿಸಿಲು, ಕರೆಂಟಿನ ಏರಿಳಿತ, ಪ್ರತಿಯೊಂದಕ್ಕೂ ಒಂದೊಂದು ಕಾಲಂ. ಮಧ್ಯಾಹ್ನದ ನಂತರ ಬಿಸಿ ತೊಂಬತ್ತು ಡಿಗ್ರಿ ದಾಟುತ್ತದೆಂದು ಸಾಬೀತಾಯಿತು. ತೀರ್ಪು: ಬಿಸಿಲಿಗೆ ಈ ಬಡಪಾಯಿ ಸಾಲದು, ಗೋಪುರವೇ ಬೇಕು.

ಶುಕ್ರವಾರ, ಗೋಪುರಕ್ಕೆ ಜಾಗ ಇದೆಯೇ ಎಂದು ಅಳೆಯಲು ಹಳೆಯ ಕೂಲರನ್ನು ಬಿಚ್ಚಿದೆ. ರೆಕ್ಕೆಗಳೇ ಕಾಣಲಿಲ್ಲ. ಅವುಗಳ ನಡುವೆ ಕಪ್ಪು ಉಣ್ಣೆ ಒತ್ತೊತ್ತಾಗಿ ಕೂತು ಒಂದು ಪುಟ್ಟ ಕಂಬಳಿಯೇ ಆಗಿತ್ತು.

ನಮ್ಮಜ್ಜಿ ಮಧ್ಯಾಹ್ನ ಉಂಡಾದ ಮೇಲೆ ಕದಿರು ಹಿಡಿದು ನನ್ನ ಪಕ್ಕದಲ್ಲೇ ಕೂತು ಉಣ್ಣೆ ನೂಲುತ್ತಾಳೆ. ಉದ್ದೇಶ ನೂಲಲ್ಲ, ಮದುವೆಗಳು. "ಈ ಗಂಡು ನಗಾದೇ ಇಲ್ವಲ್ಲೇ, ಅಲ್ಲು ನೋವಾ" ಎಂದು ವಿಮರ್ಶೆ ಮಾಡದಿದ್ದರೆ ಅವಳಿಗೆ ಹೊತ್ತು ಹೋಗದು. ನನ್ನ ಪಟ್ಟಿಯಲ್ಲಿ ಬಿಸಿಲಿಗೆ ಕಾಲಂ ಇತ್ತು, ಅಜ್ಜಿಗೆ ಇರಲಿಲ್ಲ.

"ಅಜ್ಜೀ, ನಿನ್ನ ಉಣ್ಣೆ ಇದರೊಳಕ್ಕೆ ಓಗೈತೆ ನೋಡು."

"ಅದ್ಯಾಕೆ ಓಯ್ತೈತೆ? ಅದಕ್ಕೇನು ಚಳಿಯಾ?"

"ಫ್ಯಾನು ಎಳ್ಕೊಂಡೈತೆ."

"ಅಂಗಾದ್ರೆ ಕದ್ದಿರಾದು ಅದು. ನನ್ಯಾಕೆ ಬಯ್ತೀಯ?"

"ನಾಳೆಯಿಂದ ವಾಸಲ್‌ನಾಗೆ, ಬಾಗ್ಲ ಮುಂದೆ ಕುಂತ್ಕೊಂಡು ನೂಲಜ್ಜಿ."

"ವಾಸಲ್‌ನಾಗೆ ಮದ್ವೆ ಯಾರು ತೋರಿಸ್ತಾರೆ, ನಿಮ್ಮಪ್ಪನಾ?"

ಕತ್ತರಿ, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂಲರನ್ನು ಬೋಳಿಸಿದೆ. ಪ್ರೊಸೆಸರಿನ ಬಿಸಿ ಎಳೆಯುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿದೆ. ಬಿಸಿ ಎಪ್ಪತ್ತರ ಮೇಲೆ ಏಳಲಿಲ್ಲ. ಶನಿವಾರ ಮಧ್ಯಾಹ್ನ, ಅಜ್ಜಿಯ ಸಮಕ್ಷಮದಲ್ಲಿ, ಕಾರಿಮಂಗಲದ ಹುಡುಗಿಗೆ ಕೊನೆಗೂ ತಾಳಿ ಆಯಿತು. ಸೇಲಂ ಅಂಗಡಿಗೆ ಫೋನ್ ಮಾಡಿ, ಗೋಪುರ ಬೇಡ, ನಮ್ಮ ಪುಕ್ಕಟೆ ಕೂಲರೇ ಸಾಕೆಂದು ಗತ್ತಿನಿಂದ ಹೇಳಿದೆ. ತಪ್ಪು ಯಂತ್ರದ್ದಲ್ಲ, ಜೋಡಿಸಿದವಳದ್ದಂತೂ ಅಲ್ಲವೇ ಅಲ್ಲ.

ಅಜ್ಜಿ ಜಾಗ ಬಿಟ್ಟು ಏಳಲಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಕೂಲರ್ ಬಿಚ್ಚುವುದೆಂದು ನಿಯಮ ಮಾಡಿಕೊಂಡಿದ್ದೇನೆ. ಮೊನ್ನೆ ಅದನ್ನು ಮಂಡಿಗಳ ನಡುವೆ ಒತ್ತಿಹಿಡಿದು ಕತ್ತರಿ ಆಡಿಸುತ್ತಿದ್ದೆ. ಕಿತ್ತ ಉಣ್ಣೆಯನ್ನು ಅಜ್ಜಿ ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ ಕೇಳಿದ:

"ಕಾಲು ಇಡ್ಕೊಳ್ಲಾಮ್ಮಾ?"

ಬೇಡ ಎನ್ನಲಿಲ್ಲ. ಒಬ್ಬರು ಕಾಲು ಹಿಡಿದುಕೊಂಡರೆ ಕೆಲಸ ಅರ್ಧ ಹೊತ್ತಿಗೇ ಮುಗಿಯುತ್ತದೆ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.